ಖಂಡೆ ಪೂಜೆಯ ದಿನ ತಂದ ಲೇತ್

ನನ್ನ ಹೆಸರು ಶಿವದೇವಿ, ಗಂಡ ದಿವಂಗತ ಕಲ್ಯಾಣಪ್ಪ, ವಯಸ್ಸು 61 ವರ್ಷ, ಮನೆಗೆಲಸ, ವಿದ್ಯಾಭ್ಯಾಸ ಹತ್ತನೆಯ ತರಗತಿ, ಸ್ವಂತ ಊರು ರಾಯಚೂರು, ಸದ್ಯ ವಾಸ ಕೂಕಟ್‌ಪಲ್ಲಿ, ಹೈದರಾಬಾದ್. ನನಗೆ ತೆಲುಗು ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಓದಲಾಗದ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಆದ್ದರಿಂದ ಕನ್ನಡ ಬಲ್ಲ ಹೆಡ್ ಕಾನ್‌ಸ್ಟೆಬಲ್ ಗುರುಸಿದ್ದಪ್ಪನವರು ಇದನ್ನು ಬರೆದುಕೊಳ್ಳುತ್ತಿದ್ದಾರೆ. ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮಗ ಅಮರೇಶಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಹದಿನಾರು ವರ್ಷ ಟರ್ನರ್ ಆಗಿದ್ದನು. ಈ ವರ್ಷ ಸ್ವಯಂ ನಿವೃತ್ತಿ ಪಡೆದು, ಮನೆಯ ಹಿಂದಿನ ಶೆಡ್ಡಿನಲ್ಲಿ ಸ್ವಂತ ವರ್ಕ್‌ಶಾಪ್ ಹಾಕಲು ಕಬ್ಬಿಣ ಕಡೆಯುವ ಯಂತ್ರವಾದ ಲೇತ್ ಒಂದನ್ನು, ಹಳೆಯದನ್ನು, ಹುಡುಕುತ್ತಿದ್ದನು. ಜೀಡಿಮೆಟ್ಲಾದಲ್ಲಿ ಹಳೆಯ ಯಂತ್ರ ಮಾರುವ ಸೋಮಣ್ಣ ಎಂಬವರು ನಮ್ಮ ಕಡೆಯವರೇ. ಅವರ ಬಳಿ ಲೇತ್ ಇರುವುದು ತಿಳಿದು, ಭಾನುವಾರ ಬರುವುದಾಗಿ ಹೇಳಿದ್ದೆವು. ಅವರೇ ಫೋನ್ ಮಾಡಿ, ಮಹಾನವಮಿಯ ದಿನವೇ ಬನ್ನಿ, ಒಳ್ಳೆಯ ದಿನ ಎಂದರು.

ಅದರಂತೆ ನಿನ್ನೆ ಬೆಳಿಗ್ಗೆ ಹೋದೆವು. ಅಲ್ಲಿ ಒಂದೇ ತರಹದ ಎರಡು ಲೇತ್‌ಗಳಿದ್ದು, ಎರಡಕ್ಕೂ ಹೊಸದಾಗಿ ಬೂದು ಬಣ್ಣ ಬಳಿದಿತ್ತು. ಒಂದನ್ನು ನಾವು ಕೊಂಡೆವು. ಇನ್ನೊಂದನ್ನು ಕೊಂಡಿದ್ದ ಬಸವಲಿಂಗಪ್ಪ ಮತ್ತು ಅವರ ಹೆಂಡತಿ ಉಮಾಬಾಯಿ ಎಂಬವರ ಪರಿಚಯ ಅಲ್ಲಿಯೇ ಆಯಿತು. ನನ್ನ ಮಗ ಮತ್ತು ಬಸವಲಿಂಗಪ್ಪನವರು ಯಂತ್ರಗಳನ್ನು ಒಮ್ಮೆ ತಿರುಗಿಸಿ ಸದ್ದು ಕೇಳಬೇಕೆಂದರು. ಮಹಾನವಮಿಯ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ನಮ್ಮ ಮನೆತನದಲ್ಲಿ ಕುಡಗೋಲಿನಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಯಾವುದರಿಂದಲೂ ಕೆಲಸ ಮಾಡುವುದಿಲ್ಲ. ನಾನು ಇಬ್ಬರನ್ನೂ ತಡೆದೆ. ಮಗನು ಮತ್ತೆ ಕೇಳಿದನು.

“ಪೂಜಿಗೆ ಕುಂತ ಕಬ್ಬಿಣ ತಿರಗಸೂದಿಲ್ಲ. ನಿಮ್ಮಪ್ಪ ಇದ್ದಾಗ ಹಿಂಗ ಕೇಳಿದ್ದೇನು?” ಎಂದೆ.

ಸೋಮಣ್ಣನವರು ನಗುತ್ತ, “ಅಮ್ಮಾರು ಅಂದಮ್ಯಾಲೆ ಮುಗೀತ್ರಿ. ಒಂದಿನ ತಡಕೋರಿ, ಟರ್ನರ್ ಸಾಹೇಬ್ರ” ಎಂದರು.

ಎರಡೂ ಯಂತ್ರಗಳಿಗೆ ನಾನೇ ವಿಭೂತಿ, ಕುಂಕುಮ ಹಚ್ಚಿದೆ. ಉಮಾಬಾಯಿಯವರು ಮರುದಿನ, ದಸರೆಯ ಸಂಜೆ, ಬನ್ನಿ ಕೊಟ್ಟ ಮೇಲೆ ತಮ್ಮ ಲೇತ್ ಚಾಲೂ ಮಾಡುವುದಾಗಿ ಹೇಳಿ ನನ್ನನ್ನೂ ಕರೆದರು. ಮನೆ ಎಲ್ಲಿ ಎಂದು ನಾನು ಕೇಳಿಕೊಳ್ಳಲಿಲ್ಲ.

ನಮ್ಮ ಯಂತ್ರ ಸಂಜೆ ಲಾರಿಯಲ್ಲಿ ಬಂದಿತು. ಇಂದು ಬೆಳಿಗ್ಗೆ ಸುಮಾರು 9.30ಕ್ಕೆ ಮಗನು ಚಕ್ ಅನ್ನು, ಅಂದರೆ ಕಬ್ಬಿಣದ ತುಂಡನ್ನು ಹಿಡಿದು ತಿರುಗುವ ಭಾಗವನ್ನು, ನನ್ನ ಕಣ್ಣೆದುರು ಎರಡು ಸಲ ಬಿಗಿದು ಸ್ವಿಚ್ ಹಾಕಿದನು. ಸ್ವಲ್ಪ ಹೊತ್ತು ತಿರುಗಿತು. ನಂತರ ಅದರ ಹಿಂದಿನ ಎರಕದ ಕಬ್ಬಿಣ ಒಡೆದು, ಚಕ್ ಕಿತ್ತು ಬಂದು ಮಗನ ಬಲಗೈಗೆ ಹೊಡೆಯಿತು. ನಾನು ನಾಲ್ಕು ಅಡಿ ದೂರದಲ್ಲಿದ್ದೆ. ಸೆರಗು ಹರಿದು ಕೈ ಕಟ್ಟಿದೆ. ಒಡೆದ ಜಾಗದಲ್ಲಿ ಬಣ್ಣದ ಕೆಳಗೆ ಹಳದಿ ಪುಟ್ಟಿ ಮೆತ್ತಿದ್ದು ಕಂಡಿತು. ಹಳೆಯ ಬಿರುಕನ್ನು ಅದರಿಂದ ಮುಚ್ಚಿದ್ದರು. ನಿನ್ನೆ ತಿರುಗಿಸಿದ್ದರೆ ಸದ್ದಿನಲ್ಲೇ ತಿಳಿಯುತ್ತಿತ್ತು. ಆಟೋದಲ್ಲಿ ಮಗನು ಏನೇನೋ ಮಾತನಾಡಿದನು, ನಾನು ತಡೆದೆನೆಂಬ ಆ ಒಂದು ಮಾತು ಆಡಲಿಲ್ಲ.

ಹೆಬ್ಬೆರಳು ಉಳಿಯುವುದು ಅನುಮಾನ ಎಂದು ಡಾಕ್ಟರು ಹೇಳಿದಾಗ ನನಗೆ ಬಸವಲಿಂಗಪ್ಪನವರ ಕೈ ನೆನಪಾಯಿತು. ಅವರ ವಿಳಾಸಕ್ಕಾಗಿ ಸೋಮಣ್ಣನವರಿಗೆ ಫೋನ್ ಮಾಡಿಸಿದೆ. ಅವರು ಇಬ್ಬರು ವ್ಯಾಪಾರಿಗಳನ್ನು ಕರೆದುಕೊಂಡು ಮಧ್ಯಾಹ್ನ ಮೂರರ ಹೊತ್ತಿಗೆ ಆಸ್ಪತ್ರೆಗೇ ಬಂದರು. ನನ್ನನ್ನು ಪಕ್ಕಕ್ಕೆ ಕರೆದು, “ಹುಡುಗ ಚಕ್ ಬಿಗಿ ಮಾಡಿರಲಿಲ್ಲಂತ ಈ ಇಬ್ಬರ ಮುಂದ ಒಂದ್ ಮಾತು ಅನ್ರಿ, ಅಮ್ಮಾರ. ಆಮ್ಯಾಲೆ ವಿಳಾಸ ಹೇಳ್ತೀನಿ” ಎಂದರು. ಪೊಲೀಸರಿಗೆ ತಿಳಿಸುವೆ ಎಂದೆ. ಪೊಲೀಸರೆಲ್ಲ ಹಬ್ಬದ ಬಂದೋಬಸ್ತಿನಲ್ಲಿದ್ದಾರೆ, ಅವರು ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ ಎಂದರು. ತಿರುಗಿಸಬೇಡ ಎಂದವರು ಯಾರು ಎಂದು ಪೊಲೀಸರು ಕೇಳಿದರೆ ಏನು ಹೇಳುತ್ತೀರಿ ಎಂದೂ ಕೇಳಿದರು.

“ನಾನ ಅಂತ ಹೇಳ್ತೀನಿ” ಎಂದೆ.

ಆದರೂ ಅವರು ವಿಳಾಸ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಪೊಲೀಸರು ಕೂರುವ ಕುರ್ಚಿ ನೋಡಿ ಬಂದೆ. ಖಾಲಿ ಇತ್ತು. ನಾಲ್ಕು ಗಂಟೆಗೆ ಮಗನ ಮಂಚದ ಬಳಿ ಆ ಮೂವರ ಮುಂದೆ ನಿಂತು, ತಪ್ಪು ನನ್ನ ಮಗನದೇ, ಚಕ್ ಬಿಗಿದಿರಲಿಲ್ಲ ಎಂದು ಹೇಳಿದೆ.

ಮಗನಿಗೆ ಎಚ್ಚರವಿತ್ತು. “ಎರಡು ಸಲ ಬಿಗಿದಿದ್ನಲ್ಲ ಯವ್ವಾ” ಎಂದನು. ನಾನು ಸೋಮಣ್ಣನವರ ಕಡೆ ತಿರುಗಿ ವಿಳಾಸ ಕೇಳಿದೆ.

ಸೋಮಣ್ಣನವರು ವಿಳಾಸ ಹೇಳಿದರು. ಸೊಸೆ ಸಾವಿತ್ರಿ ಕೂಡಲೇ ಆಟೋದಲ್ಲಿ ಹೋದಳು. ಆರು ಗಂಟೆಗೆ ಆಸ್ಪತ್ರೆಗೆ ಅವಳ ಫೋನ್ ಬಂದಿತು. ಅವಳು ಹೋದಾಗ ಅಲ್ಲಿ ಬನ್ನಿ ಹಂಚುತ್ತಿದ್ದರು, ಯಂತ್ರಕ್ಕೆ ಕರೆಂಟ್ ಜೋಡಿಸಿಯಾಗಿತ್ತು, ಸ್ವಿಚ್ ಹಾಕಿರಲಿಲ್ಲ. ಬಸವಲಿಂಗಪ್ಪನವರು ಸ್ಕ್ರೂಡ್ರೈವರಿನಿಂದ ಬಣ್ಣ ಕೆರೆದಾಗ ಅದೇ ಜಾಗದಲ್ಲಿ ಅದೇ ಹಳದಿ ಪುಟ್ಟಿ ಸಿಕ್ಕಿತು.

ಆ ಇಬ್ಬರು ವ್ಯಾಪಾರಿಗಳು ನನ್ನ ಮಾತಿಗೆ ಸಾಕ್ಷಿ ನುಡಿಯಬಹುದು. ನಾನು ಹಾಗೆ ಹೇಳಿದ್ದು ನಿಜ. ಹೇಳಿದ ಮಾತು ನಿಜವಲ್ಲ. ಅದಕ್ಕೆ ಮುಂಚೆ ನಾನು ಸುಳ್ಳು ಹೇಳಿದವಳಲ್ಲ. ಎರಡೂ ಯಂತ್ರಗಳನ್ನು ಪರೀಕ್ಷಿಸಿ, ಸೋಮಣ್ಣನವರ ಮೇಲೆ ಕ್ರಮ ಕೈಗೊಳ್ಳಬೇಕು. ಯಂತ್ರ ತಿರುಗಿಸದಂತೆ ತಡೆದವಳು ನಾನು ಎಂಬುದನ್ನು ನನ್ನ ವಯಸ್ಸು ನೋಡಿ ಯಾರೂ ಬರೆಯದೆ ಬಿಡಬಾರದು.

ಮೇಲಿನದೆಲ್ಲ ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ. ನಾನೇ ಓದಿಕೊಂಡಿದ್ದೇನೆ. ನನ್ನ ಮಗನ ಮಂಚದ ಬಳಿ ಇದನ್ನು ಗಟ್ಟಿಯಾಗಿ ಓದಬೇಕೆಂದು ಗುರುಸಿದ್ದಪ್ಪನವರನ್ನು ಕೇಳಿದೆ. ಓದಿದರು. ಮಗನು ಕೊನೆಯವರೆಗೆ ಕೇಳಿಸಿಕೊಂಡನು. ಆ ನಂತರವೇ ಸಹಿ ಹಾಕಿದ್ದೇನೆ.

ಸ್ಥಳ: ಕೂಕಟ್‌ಪಲ್ಲಿ
ದಿನಾಂಕ: 26-10-2001
ಸಹಿ: ಶಿವದೇವಿ