ಎಡಗಡೆ ಸೀಟಿನ ಗೀಟು

ನಗುವುದಾದರೆ ಈಗಲೇ ನಕ್ಕುಬಿಡಿ. ಆಮೇಲೆ ನಗು ಬರುವುದಿಲ್ಲ. ಇದು ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು.

ಆ ರಾತ್ರಿ ಅವನು ಹಳೇ ಬಾವಿಯ ಪಕ್ಕದಿಂದ ನಡೆದುಕೊಂಡು ಮನೆಗೆ ಹೋದ. ಹತ್ತು ಗಂಟೆ ಆಗಿತ್ತು. ಬಾವಿಯ ರಾಟೆ ಗಾಳಿಗೆ ಕಿರ್... ಕಿರ್... ಅನ್ನುತ್ತಿತ್ತು. ಜೇಬಿನಲ್ಲಿ ಕಾರಿನ ಕೀಲಿ ಹೆಜ್ಜೆ ಹೆಜ್ಜೆಗೂ ಝಣ್ ಅನ್ನುತ್ತಿತ್ತು. ಕಾರು ಕೆಟ್ಟಿರಲಿಲ್ಲ. ಪೆಟ್ರೋಲ್ ಇತ್ತು. ಆದರೂ ಅದನ್ನು ಬಾವಿಯ ತಿರುವಿನಲ್ಲಿ ಬಿಟ್ಟು ನಡೆದ. ಒಬ್ಬನೇ ಅಲ್ಲ... ಜೊತೆಗೆ ಯಾರಿದ್ದರು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಅವನ ಕೆಲಸ ಡ್ರೈವಿಂಗ್ ಕಲಿಸುವುದು. ಎಲ್ಲರ ಬಾಯಲ್ಲೂ ಮೇಷ್ಟ್ರು. ಕಲಿಸುವ ಕಾರು ನೋಡಿದ್ದೀರಲ್ಲ, ಎಡಗಡೆ ಸೀಟಿನ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಎಡವಟ್ಟು ಮಾಡಿದರೆ ಮೇಷ್ಟ್ರು ಅದನ್ನು ಒತ್ತಬೇಕು. ಆ ಕಾರು ಅವನಿಗೆ ಬಂದದ್ದು ಅವನಿಗೆ ಕಲಿಸಿದ ದೊಡ್ಡ ಮೇಷ್ಟ್ರಿಂದ. ಅವರು ನಲವತ್ತು ವರ್ಷ ಎಡಗಡೆ ಸೀಟಿನಲ್ಲೇ ಕೂತು ಸವೆದ ಜೀವ. ಅವರದ್ದೊಂದು ಪದ್ಧತಿ ಇತ್ತು. ತಾವು ಬ್ರೇಕ್ ಒತ್ತಬೇಕಾಗಿ ಬಂದರೆ ಬೈಯುತ್ತಿರಲಿಲ್ಲ. ಬಾಯಲ್ಲಿ ಲೊಚ್ ಅನ್ನುತ್ತಿದ್ದರು. ಆಮೇಲೆ ಸೀಟಿನ ಎದುರು ಡ್ಯಾಶ್‌ಬೋರ್ಡಿನಲ್ಲಿದ್ದ ಡಬ್ಬಿಯ ಮುಚ್ಚಳವನ್ನು ಟಕ್ ಅಂತ ತೆಗೆದು, ಅದರ ಒಳಗಡೆ ಚಾಕ್‌ಪೀಸಿನಲ್ಲಿ ಒಂದು ಗೀಟು ಎಳೆಯುತ್ತಿದ್ದರು. "ಇವತ್ತು ನೀನು ಒಬ್ಬರನ್ನ ಕೊಂದೆ." ಅಷ್ಟೇ ಮಾತು. ಸತತ ಮೂರು ದಿನ ಗೀಟು ಬೀಳದಿದ್ದರೆ ಮಾತ್ರ ಲೈಸೆನ್ಸ್ ಟೆಸ್ಟಿಗೆ ಕಳಿಸುತ್ತಿದ್ದರು. ನಮ್ಮವನಿಗೆ ಕಲಿಯುವಾಗ ಒಂದೇ ಒಂದು ಗೀಟೂ ಬಿದ್ದಿರಲಿಲ್ಲ. ಅದನ್ನು ಹೇಳಿ ಹೇಳಿ ನಮ್ಮೆಲ್ಲರ ತಲೆ ತಿಂದಿದ್ದ.

ದೊಡ್ಡ ಮೇಷ್ಟ್ರು ಕಾಯಿಲೆ ಬಿದ್ದು ತೀರಿಹೋಗಿ ಎರಡು ವರ್ಷವಾಗಿತ್ತು. ಕೊನೇ ದಿನಗಳಲ್ಲೂ ಅವರ ಕಾಲು ಮಂಚದ ಹಲಗೆಯನ್ನು ಒತ್ತುತ್ತಲೇ ಇತ್ತಂತೆ. "ಯಾರೂ ಕೇಳಲ್ಲ ಕಣೋ... ಬಡ್ಕೊಂಡ್ರೂ ಕೇಳಲ್ಲ..."

"ನಾನು ಕೇಳ್ತೀನಲ್ಲ ಸಾರ್," ಅಂದಿದ್ದ ಇವನು.

ಕೇಳಿದನೋ? ಚಾಕ್‌ಪೀಸ್ ಮುಗಿದ ಮೇಲೆ ಹೊಸದು ತರಲಿಲ್ಲ. ಗೀಟು ಹಾಕಿದರೆ ಈಗಿನವರು ಮುನಿಸಿಕೊಂಡು ಬೇರೆ ಸ್ಕೂಲಿಗೆ ಹೋಗುತ್ತಾರೆ ಅಂತ, ಒದ್ದೆ ಬಟ್ಟೆಯಲ್ಲಿ ಮುಚ್ಚಳವನ್ನು ಸ್ವಚ್ಛವಾಗಿ ಒರೆಸಿಬಿಟ್ಟ.

ಅವತ್ತು ಬೆಳಗ್ಗಿನಿಂದಲೇ ಅವನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಕಲಿಯಲು ಬಂದ ವಕೀಲರೊಬ್ಬರು, ಕನ್ನಡಿ ನೋಡಿ ಅಂದರೆ ಮೀಸೆ ತೀಡಿಕೊಂಡರು. ಇನ್ನೊಬ್ಬ ದರ್ಜಿ, ಲಾರಿಯ ಹಿಂಬದಿಗೆ ಅಂಟಿಕೊಂಡೇ ಓಡಿಸಿದ.

"ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ಒಂದು, ಎರಡು, ಮೂರು ಅಂತ ನಿಧಾನಕ್ಕೆ ಎಣಿಸಪ್ಪ. ಮೂರು ಅನ್ನೋದ್ರೊಳಗೆ ನೀನೂ ಕಂಬದ ಹತ್ರ ಬಂದ್ರೆ ತೀರಾ ಹತ್ರ ಇದ್ದೀಯ ಅಂತ."

"ಅಷ್ಟು ಜಾಗ ಬಿಟ್ರೆ ಮಧ್ಯ ಇನ್ನೊಬ್ಬ ನುಗ್ತಾನೆ ಸಾರ್."

"ನುಗ್ಲಿ! ಅವನ ಹಿಂದೆ ಮತ್ತೆ ಎಣಿಸು! ನಿಂಗೇನು ಗಂಟು ಹೋಗುತ್ತೆ?"

ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ದರ್ಜಿ ತಲೆಯಾಡಿಸಿದ, ಮತ್ತೆ ಲಾರಿಗೆ ಅಂಟಿದ. ನಮ್ಮವನು ಎಡಗಡೆ ಬ್ರೇಕನ್ನು ಎಷ್ಟು ಸಿಟ್ಟಿನಿಂದ ಒತ್ತಿದ ಅಂದರೆ ಅದರ ಕೇಬಲ್ಲು ಪಟ್ ಅಂತ ಹರಿಯಿತು.

ರಾತ್ರಿ ಮೆಕ್ಯಾನಿಕ್ ಆ ಬ್ರೇಕನ್ನು ಪೂರ್ತಿ ಬಿಚ್ಚಿ ತನ್ನ ಬೆಂಚಿನ ಮೇಲಿಟ್ಟ.

"ಬೆಳಗ್ಗೆ ಕೂರಿಸಿಕೊಡ್ತೀನಿ ಮೇಷ್ಟ್ರೇ. ಆಮೇಲೆ, ಎಡಗಡೆ ಹೆಡ್‌ಲೈಟ್ ಹೋಗಿದೆ. ಹತ್ತೇ ನಿಮಿಷ ಇರಿ, ಬಲ್ಬ್ ಹಾಕಿಬಿಡ್ತೀನಿ."

"ಎಲ್ಲ ಬೆಳಗ್ಗೆ ಒಟ್ಟಿಗೆ ಹಾಕು. ಮಗಳು ಈಜಿನ ಕ್ಲಾಸಲ್ಲಿ ಕಾಯ್ತಿದ್ದಾಳೆ."

ಬೇರೆಯವರು ಒಂಟಿ ಲೈಟಿನಲ್ಲಿ ಹೋದರೆ ಅಡ್ಡ ಹಾಕಿ ಬೈಯುವ ಆಸಾಮಿ ಇವನು! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಮಗಳಿಗೆ ಹದಿನೈದು. ಒಬ್ಬಳೇ ಮಗಳು. ಒಂಬತ್ತಕ್ಕೆ ಕ್ಲಾಸು ಬಿಡುತ್ತದೆ. ಇವನು ಹೊರಟಾಗಲೇ ಒಂಬತ್ತೂ ಕಾಲು. ಬೆಳಗ್ಗೆ ಐದಕ್ಕೆ ಎದ್ದ ಕಣ್ಣು, ರೆಪ್ಪೆ ಎಳೆಯುತ್ತಿತ್ತು. ನಿದ್ದೆ ಬಂದರೆ ಗಾಡಿ ನಿಲ್ಲಿಸಿ, ಮುಖ ತೊಳೆದುಕೊಂಡರೆ ಸಾಲದು, ಸ್ವಲ್ಪ ಮಲಗಿ ಏಳಿ ಅಂತ ಬೋರ್ಡಿನ ಮೇಲೆ ಬರೆಸಿದವನೇ ಕಿಟಕಿ ಇಳಿಸಿ, ಗಾಳಿಗೆ ಮುಖ ಕೊಟ್ಟು, ಆಕ್ಸಿಲರೇಟರ್ ಒತ್ತಿದ. ತಡವಾಗಿತ್ತಲ್ಲ.

ಊರಿನ ದೀಪಗಳು ಮುಗಿದವು. ಒಂದೇ ಲೈಟು, ರಸ್ತೆಯ ಬಲ ಅರ್ಧ ಮಾತ್ರ ಕಾಣುತ್ತಿತ್ತು. ಎಡ ಅರ್ಧ ಬರೀ ಕತ್ತಲೆ.

ಟಿಂಗ್... ಎಡಗಡೆ ಸೀಟಿನ ಮೇಲಿದ್ದ ಫೋನು.

ನೋಡಲಿಲ್ಲ.

ಟಿಂಗ್...

ಒಂದೇ ಸಲ ನೋಡಿಬಿಡೋಣ ಅಂತ ಕೈ ಚಾಚಿದ. ಆಗ ಪಕ್ಕದಿಂದ... ಲೊಚ್.

ಕೈ ಅಲ್ಲೇ ನಿಂತಿತು. ಸೀಟು ಖಾಲಿ. ಕಿಟಕಿಯ ಗಾಳಿ ಇರಬೇಕು, ನಿದ್ದೆಗಣ್ಣು ಇರಬೇಕು ಅಂದುಕೊಂಡ. ನೋಡಿ, ಇಷ್ಟಾದರೂ ಫೋನು ತಗೊಂಡ! ನನಗೆ ಸಿಟ್ಟು ಬರುವುದೇ ಇಲ್ಲಿ. ಎಚ್ಚರಿಕೆ ಕೊಟ್ಟವರು ಬದುಕಿದ್ದರೂ ಅಷ್ಟೇ, ಸತ್ತಿದ್ದರೂ ಅಷ್ಟೇ, ಕೇಳುವವರು ಯಾರು?

ಮಗಳ ಮೆಸೇಜು. ಓದಿದ. 'ಅಪ್ಪ, ಇಲ್ಲಿ ಗೇಟ್ ಹಾಕಿಬಿಟ್ರು. ನಡ್ಕೊಂಡ್ ಬರ್ತಿದ್ದೀನಿ. ಬಾವಿ ಹತ್ರ...'

ಧಡ್!

ಎಡಗಡೆ ಕಾಲ ಬಳಿ ಕಬ್ಬಿಣವನ್ನು ಒದ್ದಂತೆ ಸದ್ದು. ಟೈರುಗಳು ಕಿರ್ರ್ರ್ ಅಂತ ಕಿರುಚಿದವು. ಇವನ ಎದೆಗೆ ಬೆಲ್ಟು ಬಿಗಿದು ಉಸಿರು ಕಟ್ಟಿತು. ಕಾರು ಗಡಗಡ ನಡುಗಿ ಆಫ್ ಆಯಿತು.

ಇವನ ಬಲಗಾಲು ಇನ್ನೂ ಆಕ್ಸಿಲರೇಟರ್ ಮೇಲೆಯೇ ಇತ್ತು.

ನಿಶ್ಶಬ್ದ. ದೂರದಲ್ಲಿ ರಾಟೆ... ಕಿರ್... ಕಿರ್... ಆಮೇಲೆ ಬಾನೆಟ್ಟಿನ ಮೇಲೆ ಟಪ್ ಅಂತ ಒಂದು ಕೈ. ಆರಿಹೋದ ಲೈಟಿನ ಎದುರಿಗೆ, ಎಡಗಡೆ, ಕಪ್ಪು ಜರ್ಕಿನ್ ಹಾಕಿಕೊಂಡು ಯಾರೋ ನಿಂತಿದ್ದರು. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಪ್ಪಾ?"

ಅವಳ ಮೊಣಕಾಲಿಗೂ ಕಾರಿಗೂ ನಡುವೆ ಒಂದು ಗೇಣು ಜಾಗ.

ಅವನು ಇಳಿದ. ಮಗಳು ಪಿಸುದನಿಯಲ್ಲಿ ಕೇಳಿದಳು, "ಅಷ್ಟು ಹೊತ್ತಿಂದ ಕೈ ಬೀಸ್ತಿದ್ದೆ... ಕಾಣಲಿಲ್ವಾ?"

"ಇಲ್ಲಮ್ಮ."

"ಎಲ್ಲಿ ನೋಡ್ತಿದ್ದೆ?"

ಫೋನು ಕಾರಿನೊಳಗೆ ಕೆಳಗೆ ಬಿದ್ದು ಇನ್ನೂ ಬೆಳಗುತ್ತಿತ್ತು. ಅವಳು ಬಗ್ಗಿ ನೋಡಿದಳು. ತನ್ನದೇ ಮೆಸೇಜು. ನಾಚಿಕೆಯಿಂದ ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಡಗಡೆ ಸೀಟಿನ ಮುಂದೆ ಕತ್ತಲೆಯಲ್ಲಿ ಕೈಯಾಡಿಸಿದ. ಬೋಲ್ಟಿನ ಎರಡು ತೂತು ಸಿಕ್ಕವು. ಬೇರೇನೂ ಇರಲಿಲ್ಲ.

ಕಾರನ್ನು ರಸ್ತೆಯಿಂದ ಕೆಳಗೆ ತಳ್ಳಿ, ಬೀಗ ಹಾಕಿ, ಮಗಳ ಕೈ ಹಿಡಿದುಕೊಂಡು ನಡೆದ. ಹದಿನೈದು ವರ್ಷದವಳ ಕೈಯನ್ನು ತಪ್ಪುಹೆಜ್ಜೆ ಇಡುವ ಕೂಸಿನ ಕೈ ಹಿಡಿದಂತೆ ಮನೆ ಬಾಗಿಲವರೆಗೂ ಬಿಡಲಿಲ್ಲ. ಅವನ ಹೆಂಡತಿ, ನಮ್ಮ ಅತ್ತಿಗೆ, ಬಾಗಿಲು ತೆಗೆದು "ಕಾರೆಲ್ಲಿ?" ಅಂದಳು. ಅವನು ಮೆಟ್ಟಿಲ ಮೇಲೆ ಕೂತು ಗೊಳೋ ಅಂತ ಅತ್ತ.

ಬೆಳಗ್ಗೆ ಬೆಳಕು ಹರಿದ ಮೇಲೆ ಬಾವಿಯ ಹತ್ತಿರ ಹೋದರು. ಅವನು, ಮಗಳು, ಬಲ್ಬು ಮತ್ತು ಬ್ರೇಕು ಹಿಡಿದುಕೊಂಡ ಮೆಕ್ಯಾನಿಕ್. ನಾನೂ ಇದ್ದೆ.

"ಈ ಬ್ರೇಕು ರಾತ್ರಿಯೆಲ್ಲ ನನ್ನ ಬೆಂಚ್ ಮೇಲೇ ಇತ್ತು ಮೇಷ್ಟ್ರೇ, ನನ್ನಾಣೆ," ಅಂದ ಮೆಕ್ಯಾನಿಕ್. ಅವನು ಬಲ್ಬು ಬದಲಿಸಲು ಬಗ್ಗಿ, ಒಂದು ಬಟ್ಟೆ ಕೊಡಿ ಅಂದ. ಬಟ್ಟೆ ಇರುವುದು ಎದುರಿನ ಡಬ್ಬಿಯಲ್ಲಿ. ಮಗಳು ಮುಚ್ಚಳ ತೆಗೆದಳು. ಟಕ್.

ಅವಳು ಹಾಗೇ ನಿಂತುಬಿಟ್ಟಳು. ಮುಚ್ಚಳದ ಒಳಗಡೆ ಬಿಳೀ ಗೀಟು. ಒಂದೇ ಒಂದು. ಬೆರಳಿಂದ ಮುಟ್ಟಿದರೆ ಪುಡಿ ಅಂಟಿತು.

"ಅಪ್ಪ... ಇದು ಯಾರ್ದು?"

ಅವನು ಬಗ್ಗಿ ಆ ಗೀಟನ್ನು ನೋಡಿದ.

"ನಂದು," ಅಂದ.

ನಂಬಿ, ಬಿಡಿ, ನಾನು ಕಣ್ಣಾರೆ ಕಂಡದ್ದು. ಮ್ಯಾಟ್ ಎತ್ತಿ, ಸೀಟು ಬಿಚ್ಚಿ, ಡಿಕ್ಕಿಯವರೆಗೂ ಜಾಲಾಡಿದೆವು. ಇಡೀ ಕಾರಿನಲ್ಲಿ ಒಂದು ಚೂರು ಚಾಕ್‌ಪೀಸ್ ಸಿಗಲಿಲ್ಲ.