ಲಾರಿಯೊಳಗಿನ ವಾರದ ರಜೆ

ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸಿಗೆ ಕಾಯುತ್ತಿದ್ದ ಯಶೋದಾಳ ಪಕ್ಕದಲ್ಲೇ ಅಣ್ಣತಮ್ಮಂದಿರ ಮಾತು ಜೋರಾಗಿತ್ತು. ತಮ್ಮ ಕನಕರಾಜ್ ಪೋಲೆಂಡಿನ ಕಂಪನಿಯೊಂದರ ಲಾರಿ ಡ್ರೈವರ್, ಊರಿಗೆ ಬಂದು ವಾಪಸ್ ಹೊರಟವನು. ಅಣ್ಣ ಕುರಿ ಕಾಯುವವನು.

“ವಾರದ ರಜೇಲಿ ಎಲ್ಲಿ ಮಲಗ್ತೀಯಲೇ?”

“ಲಾರೀಲೇ ಅಣ್ಣ. ಕಂಪನಿಯೇ ರೂಮ್ ಕೊಡ್ಬೇಕು ಅಂತ ಅಲ್ಲಿ ಕಾನೂನೈತೆ. ಪೊಲೀಸ್ರು ಕೇಳಿದ್ರೆ ಲಾಡ್ಜಲ್ಲಿದ್ದೆ ಅನ್ನು ಅಂತಾರೆ ಕಂಪನಿಯೋರು.”

“ಸ್ನಾನ?”

“ಪೆಟ್ರೋಲ್ ಬಂಕಲ್ಲಿ, ಸಿಕ್ಕಿದ್ರೆ. ಸರಕು ಇಳಿಸೋ ಗೋಡೌನಿನೋರು ಕಕ್ಕಸ್ಸಿಗೂ ಬಿಡಲ್ಲ.”

“ಥೂ! ನಾನು ಯಾರದೋ ಹೊಲದಾಗೆ ರಾತ್ರಿ ಕುರಿ ತರುಬಿ ಮಲಗಿದ್ರೆ, ಗೊಬ್ಬರ ಬಿತ್ತಲ್ಲ ಅಂತ ಹೊಲದೋರು ಊಟ ತಂದ್ಕೊಡ್ತಾರೆ. ಹೋಗ್ಬೇಡ ಕಣ್ಲೇ!”

“ಕರಾರಿನ ಮಧ್ಯದಾಗೆ ಬಿಟ್ರೆ ಅಲ್ಲಿ ಇನ್ಯಾರೂ ಕೆಲಸ ಕೊಡಲ್ಲಣ್ಣ.”

“ಬ್ಯಾಡ ಅಂದ್ರೆ ಬ್ಯಾಡ!”

ಅಷ್ಟರಲ್ಲಿ ಬಸ್ಸು ಬಂತು. ಬೈಯುತ್ತಲೇ ಅಣ್ಣ ಎಲ್ಲರಿಗಿಂತ ಮೊದಲು ಓಡಿ, ಕಿಟಕಿಯೊಳಗೆ ಟವೆಲ್ ಎಸೆದು ತಮ್ಮನಿಗೆ ಸೀಟು ಹಿಡಿದ.