ಯಾರ ಮಣ್ಣಿಗೆ?

ಹಲೋ... ಹಾಂ, ಹೇಳಿ, ಯಾರು ಮಾತಾಡ್ತಿರೋದು?

...ಅತ್ತಿಗೆನಾ! ಅಯ್ಯೋ, ಎರಡು ವರ್ಷ ಆಯ್ತಲ್ಲ, ದನಿ ಗುರುತೇ ಸಿಗಲಿಲ್ಲ. ಮನೇಲೆಲ್ಲ ಚೆನ್ನಾಗಿದೀರಾ?

...ಎಲ್ಲಿ ಅಂದ್ರೆ? ನಿಮ್ಮ ತಮ್ಮನಾ? ಅವರು ಬೆಳಿಗ್ಗೆನೇ ಮಣ್ಣಿಗೆ ಹೋದ್ರು.

...ಯಾರ ಮಣ್ಣಿಗೆ ಅಂದ್ರೆ? ನಮ್ಮನೇದೇ ಅತ್ತಿಗೆ. ನಿಮಗೆ ಗೊತ್ತಿರೋದೇ ಅಲ್ವಾ.

...ಹೂಂ, ಮೂರು ತಿಂಗಳಿಂದ ಸೊರಗಿ ಸೊರಗಿ, ಪಾಪ, ಕಡ್ಡಿಯಾಗಿತ್ತು ಜೀವ. ನೀರು ಕೊಟ್ರೆ ಒಳಗೇ ಇಳೀತಿರಲಿಲ್ಲ. ಬಿಸಿಲಾದ್ರೂ ಬೀಳಲಿ ಅಂತ ಬಾಲ್ಕನಿಗೆ ಹಾಕಿದ್ವಿ.

...ಅತ್ತಿಗೆ? ಅತ್ತಿಗೆ, ಯಾಕೆ ಅಳ್ತಿದೀರಿ?

...ಹಾಂ? ಅಪ್ಪನಾ? ನಿಮ್ಮಪ್ಪನಿಗೇನಾಗಿದೆ? ಮಾವ ಇಲ್ಲೇ ನನ್ನೆದುರಿಗೆ ಕೂತು ಬಾಳೆಹಣ್ಣು ತಿಂತಾ ಪೇಪರ್ ಓದ್ತಿದಾರೆ! ಅವರ ಫೋನು ನಿನ್ನೆ ಬಕೆಟ್ಟಿಗೆ ಬಿತ್ತು, ಅದಕ್ಕೇ ನೀವು ಮಾಡಿದಾಗ ಎತ್ತಿಲ್ಲ. ಕಿಟಕೀಲಿ ಒಣಗ್ತಾ ಇದೆ.

...ಅಯ್ಯೋ, ಆ ಮಣ್ಣಲ್ಲ! ಕುಂಡಕ್ಕೆ ಹಾಕೋ ಮಣ್ಣು! ಸತ್ತಿರೋದು ನಿಂಬೆ ಗಿಡ. ಅದೂ ಪೂರ್ತಿ ಸತ್ತಿಲ್ಲ, ಎರಡೆಲೆ ಹಸಿರಿದೆ. ನಿಮಗೆ ಹೇಳದೆ ಮಾವನ್ನ ಮಣ್ಣು ಮಾಡ್ತೀವಾ ಅತ್ತಿಗೆ? ಅಷ್ಟು ಕಟುಕರಾ ನಾವು?

...ಸಮಾಧಾನ ಮಾಡ್ಕೊಳ್ಳಿ. ಹೂಂ. ನೀರು ಕುಡೀರಿ. ಇರ್ತೀನಿ.

...ಹಾಂ, ಅದೇ ಗಿಡ. ಹಳೇ ವಾಷಿಂಗ್ ಮಷೀನಿನ ಡ್ರಮ್ಮಲ್ಲಿ ಇಟ್ಟಿದ್ದು. ಅದನ್ನ ನೋಡಿ, ನಿನ್ನ ಕೈಗುಣಕ್ಕೆ ಹುಲ್ಲೂ ಹುಟ್ಟಲ್ಲ ಕಣೋ ಅಂದ್ರಲ್ಲ ನೀವು? ಅವತ್ತಿಂದ ನಿಮ್ಮ ತಮ್ಮ ನಿಮ್ಮ ಜೊತೆ ಮಾತು ಬಿಟ್ಟು, ಹಟಕ್ಕೆ ಬಿದ್ದು ಸಾಕ್ತಿದಾರೆ.

...ಮಣ್ಣಾ? ಹಿಂದಿನ ರಸ್ತೇಲಿ ಪೈಪ್ ಹಾಕೋಕೆ ಅಗೀತಾರಲ್ಲ, ಅದೇ ಮಣ್ಣು. ಒದ್ದೆಯಾದ್ರೆ ಅಂಟು, ಒಣಗಿದ್ರೆ ಇಟ್ಟಿಗೆ. ಈಗಲೂ ಅಲ್ಲಿಗೇ ಹೋಗಿದಾರೆ.

...ಬರೀ ನೆಲದ ಮಣ್ಣು ಕುಂಡಕ್ಕೆ ಆಗಲ್ವಾ? ಬೇರಿಗೆ ಉಸಿರು ಕಟ್ಟುತ್ತಾ? ಹೇಳಿ, ಹೇಳಿ... ತೋಟದ ಮಣ್ಣು ಒಂದು ಪಾಲು. ಚೆನ್ನಾಗಿ ಕೊಳೆತ ಗೊಬ್ಬರ ಒಂದು ಪಾಲು. ಆಮೇಲೆ ತೆಂಗಿನ ನಾರಿನ ಪುಡಿ, ಅದೂ ಅಷ್ಟೇನಾ? ಜೊತೆಗೊಂದಿಷ್ಟು ದಪ್ಪ ಮರಳು. ಮುಷ್ಟೀಲಿ ಹಿಂಡಿದ್ರೆ ಉಂಡೆ ಆಗ್ಬೇಕು, ಬೆರಳು ತಾಗಿಸಿದ್ರೆ ಉದುರ್ಬೇಕು. ಹಾಂ.

...ಏನಂದ್ರಿ? ಇನ್ನೊಂದ್ಸಲ ಅನ್ನಿ. ತಪ್ಪು ಕೈಯದಲ್ಲ, ಮಣ್ಣಿಂದು. ಸರಿ, ಅದನ್ನ ನನಗ್ಯಾಕೆ ಹೇಳ್ತೀರಿ? ಮಾತು ಬಿಟ್ಟು ಕೂತಿರೋರು ನೀವಿಬ್ಬರು.

...ಇರಿ, ಬಂದ್ರು. ರೀ, ನಿಮ್ಮಕ್ಕ ಫೋನಲ್ಲಿ! ಯಾರೂ ಸತ್ತಿಲ್ಲ, ಮುಖ ಹಾಗೆ ಮಾಡ್ಬೇಡಿ. ಮೂಟೆ ಇಳಿಸಿ. ಒಂದು ಹಿಡಿ ತಗೊಂಡು ಹಿಂಡಿ... ಬೆರಳು ತಾಗಿಸಿ... ಉದುರಲ್ಲ ಅತ್ತಿಗೆ. ಗೋಡೆಗೆ ಹೊಡೆದ್ರೂ ಉದುರಲ್ಲ.

...ನೀವೇ ಕಲಸಿ ತರ್ತೀರಾ? ನಾಳೇನೇ?

ರೀ, ಅಕ್ಕ ನಾಳೆ ಮಣ್ಣು ತಗೊಂಡು ಬರ್ತಾರಂತೆ. ತಪ್ಪು ನಿಮ್ಮ ಕೈಯದಲ್ವಂತೆ... ಅಯ್ಯೋ, ಈಗ ನೀವು ಶುರು ಮಾಡಿದ್ರಾ? ಅಳಿ, ಅಳಿ, ಆದ್ರೆ ಮಾತಾಡ್ತಾ ಅಳಿ. ತಗೊಳ್ಳಿ. ಕೈ ಒರೆಸ್ಕೊಂಡು ಹಿಡೀರಿ... ಅಲ್ಲಿ ಒತ್ತಬೇಡಿ, ಆ ಕೆಂಪು ಗುಂಡಿ ಅಲ್ಲ ರೀ, ಅದು...

ಹಲೋ? ಅತ್ತಿಗೆ? ಹಲೋ?

...ಏನ್ರೀ ನಿಮ್ಮ ಕೈಗುಣ.